ಶಂಭುಲಿಂಗಯ್ಯನವರ ಕೈತೂಕ

“ಅಮ್ಮ, ಶಂಭು ತಾತನ ಕೈಯೊಳಗೆ ತಕ್ಕಡಿ ಐತಾ?”

ಕೃತಿಕಾ ಹೀಗೆ ಕೇಳಿದಾಗ ಮೀನಾ ಕೇಕಿನ ಪಾತ್ರೆಗೆ ಬೆಣ್ಣೆ ಸವರುತ್ತಿದ್ದಳು. ಎದುರು ಮನೆಯ ಶಂಭುಲಿಂಗಯ್ಯನವರು ಮಗುವನ್ನು ಎರಡೂ ಕೈಯಲ್ಲಿ ಎತ್ತಿ, ಒಂದು ಸಲ ಕುಲುಕಿ, ‘ಇಪ್ಪತ್ತೊಂದೂವರೆ’ ಎಂದು ತೀರ್ಪು ಕೊಟ್ಟು ಕೆಳಗಿಳಿಸಿದ್ದರಂತೆ. ಶಾಲೆಯ ಕಾರ್ಡಿನಲ್ಲಿ ಹತ್ತೊಂಬತ್ತು ಎಂದಿದೆ. ಮಗುವಿಗೆ ಈಗ ಶಾಲೆಯ ಮೇಲೆಯೇ ಅನುಮಾನ.

“ಕೈಯೊಳಗಿಲ್ಲ, ಬಾಯೊಳಗೈತೆ,” ಎಂದಳು ಮೀನಾ.

ಏಳು ವರ್ಷದ ಹಿಂದೆ ಇದೇ ಕೃತಿಕಾಳ ನಾಮಕರಣಕ್ಕೆ ಬಂದವರು ತೊಟ್ಟಿಲಿನಿಂದ ಕೂಸನ್ನೆತ್ತಿ ಮೂರು ಕೇಜಿಗೆ ನೂರು ಗ್ರಾಂ ಕಮ್ಮಿ ಎಂದಿದ್ದರು. ಆಸ್ಪತ್ರೆಯ ಚೀಟಿಯಲ್ಲಿ ಮೂರೂಕಾಲು ಇತ್ತು. ಚೀಟಿ ತೋರಿಸಿದರೆ ಶಂಭುಲಿಂಗಯ್ಯನವರು ಅದನ್ನು ಓದುವ ಗೋಜಿಗೂ ಹೋಗದೆ, ಆಸ್ಪತ್ರೆಯವರು ಬಟ್ಟೆ ಸಮೇತ ತೂಗಿರ್ತಾರೆ, ಬಟ್ಟೆ ಕಳೀಬೇಕು ಕಣವ್ವ ಎಂದು ಸಮಾಧಾನ ಹೇಳಿದರು. ಹಸೀ ಬಾಣಂತಿಗೆ ಅಂಥ ಸಮಾಧಾನ. ಮೀನಾ ಅದನ್ನು ಇನ್ನೂ ಮರೆತಿಲ್ಲ.

ತಿಪಟೂರಿನ ಒಂದು ಕೊಬ್ಬರಿ ಮಂಡಿಯಲ್ಲಿ ಮೂವತ್ತೆರಡು ವರ್ಷ ತೂಕ ಮಾಡಿದವರು ಅವರು. ತೂಕದ ಶಂಭಣ್ಣ ಎಂದರೆ ಆಗ ತುರುವೇಕೆರೆ ಕಡೆಯವರಿಗೂ ಗೊತ್ತು, ಹುಳಿಯಾರು ಕಡೆಯವರಿಗೂ ಗೊತ್ತು. ಬಿಳಿ ಪಂಚೆ, ಹೆಗಲ ಮೇಲೆ ಟವಲು, ಕಿವಿಗೆ ಸಿಕ್ಕಿಸಿದ ಪೆನ್ನು. ಹಮಾಲಿಗಳು ಚೀಲ ಎತ್ತಿ ತಕ್ಕಡಿಗೆ ಹಾಕಿದರೆ ಶಂಭಣ್ಣ ಅಂಕಿ ಕೂಗಬೇಕು, ಗುಮಾಸ್ತ ಬರೆದುಕೊಳ್ಳಬೇಕು. ಮೊದಲ ಚೀಲಕ್ಕೆ ‘ಒಂದು’ ಅನ್ನುವ ಹಾಗಿಲ್ಲ, ‘ಲಾಭ’ ಅನ್ನಬೇಕು; ಎರಡನೆಯದರಿಂದ ಎಣಿಕೆ. ಯಾರ ಲಾಭ ಎಂದು ಕೇಳಿದ ರೈತ ಇನ್ನೂ ಹುಟ್ಟಿಬಂದಿಲ್ಲ. ಕೂಗುವ ಪ್ರತಿ ಅಂಕಿಯಲ್ಲೂ ಚೀಲದ ಬಾಬ್ತು ಒಂದು ಕೇಜಿ ಮೊದಲೇ ಕಳೆದಿರುತ್ತಿತ್ತು. ನಲವತ್ತೊಂಬತ್ತು ಕಂಡರೆ ಬಾಯಲ್ಲಿ ನಲವತ್ತೆಂಟು. ಅದು ಆ ಮಂಡಿಯ ಪದ್ಧತಿ. ದಬ್ಬೇಘಟ್ಟದಿಂದ ವರ್ಷಕ್ಕೆರಡು ಸಲ ಕೊಬ್ಬರಿ ಹೇರಿಕೊಂಡು ಬರುತ್ತಿದ್ದ ಮೀನಾಳ ಅಪ್ಪ ಗಂಗಯ್ಯ, ತೋಟದಲ್ಲಿ ತೂಗಿದ್ದಕ್ಕೂ ಇಲ್ಲಿಗೂ ತಾಳೆಯಾಗಲ್ಲವಲ್ಲ ಎಂದು ಗೊಣಗಿದರೆ, ದಾರೀಲಿ ಬಿಸಿಲಿಗೆ ಒಣಗಿರ್ತದೆ ಬುಡಯ್ಯ ಎಂದು ಇದೇ ಶಂಭಣ್ಣ ಬೆನ್ನು ತಟ್ಟಿ ಕಳಿಸಿದ್ದುಂಟು. ದಬ್ಬೇಘಟ್ಟಕ್ಕೂ ತಿಪಟೂರಿಗೂ ನಡುವೆ ಅಷ್ಟೊಂದು ಬಿಸಿಲು.

ಆಮೇಲೆ ಮಂಡಿಗೆ ಕೆಂಪು ಅಂಕಿಯ ಎಲೆಕ್ಟ್ರಾನಿಕ್ ಯಂತ್ರ ಬಂತು. ಅಂಕಿ ರೈತನಿಗೂ ಕಾಣುತ್ತದೆ, ದಾರಿಯಲ್ಲಿ ಹೋಗುವ ನಾಯಿಗೂ ಕಾಣುತ್ತದೆ, ಕೂಗುವವನು ಯಾಕೆ? ಒಂದು ಹಾರ, ಒಂದು ಶಾಲು, ಒಂದು ಗೋಡೆ ಗಡಿಯಾರ ಕೊಟ್ಟು ಮನೆಗೆ ಕಳಿಸಿದರು. ಅಂದಿನಿಂದ ಶಂಭುಲಿಂಗಯ್ಯನವರಿಗೆ ಗುಂಡಿ ಒತ್ತುವ ಯಾವ ತೂಕದ ಯಂತ್ರ ಕಂಡರೂ ಹೊಟ್ಟೆ ಉರಿ. ಕೈಗೆ ತೂಗುವುದಕ್ಕೆ ಏನೂ ಇಲ್ಲದೆ ತರಕಾರಿ ಗಾಡಿಯ ಕುಂಬಳಕಾಯಿ, ಪಕ್ಕದ ಮನೆಯ ಗ್ಯಾಸ್ ಸಿಲಿಂಡರ್, ಬೀದಿಯ ಮಕ್ಕಳು, ಸಿಕ್ಕಿದ್ದನ್ನೆಲ್ಲ ಎತ್ತಿ ಎತ್ತಿ ಇಳಿಸುತ್ತ ಓಡಾಡಿದರು. ಅವರ ಹೆಂಡತಿ, ಮೀನಾ ದೊಡ್ಡಮ್ಮ ಎಂದು ಕರೆಯುವ ಆ ಪುಣ್ಯಾತ್ಗಿತ್ತಿ, ಹಿಟ್ಟಿನ ಮುದ್ದೆ ಬಡಿಸಿದರೆ ಅದನ್ನೂ ಅಂಗೈಯಲ್ಲಿಟ್ಟು ನೋಡಿಯೇ ಮುರಿಯುತ್ತಿದ್ದರಂತೆ.

ಇಂಥವರ ಕೈಗೆ ರಾಕೆಟ್ಟು ಸಿಕ್ಕಿತು.

ಅವರ ಮನೆಯ ಮಹಡಿಯಲ್ಲಿ ಬಾಡಿಗೆಗಿರುವ ಸಿದ್ದಾರ್ಥ್ ಕಾಲೇಜಿನಲ್ಲಿ ಭೌತಶಾಸ್ತ್ರದ ಮೇಷ್ಟ್ರು. ಅವನೂ ಇನ್ನು ಐದಾರು ಜನರೂ ಸೇರಿ ರಟ್ಟಿನ ಕೊಳವೆಯ ರಾಕೆಟ್ ಮಾಡಿ ಹಾರಿಸುವ ಹವ್ಯಾಸ ಇಟ್ಟುಕೊಂಡಿದ್ದಾರೆ. ಎಲ್ಲರೂ ದುಡಿಯುವ, ಸಂಸಾರವಿರುವ, ತಲೆ ಸರಿಯಿರುವ ಜನ. ತಿಂಗಳಿಗೊಂದು ಭಾನುವಾರ ಮಾತ್ರ ಹೀಗೆ. ಸಿದ್ದಾರ್ಥ್ ಒಂದು ಸಂಜೆ ಮೆಟ್ಟಿಲಲ್ಲಿ ರಾಕೆಟ್ ಹಿಡಿದು ಇಳಿಯುತ್ತಿದ್ದಾಗ ಶಂಭುಲಿಂಗಯ್ಯನವರು ಕೇಳದೆ ಅದನ್ನು ಕಸಿದುಕೊಂಡು, ಅಂಗೈಯಲ್ಲಿ ಆಡಿಸಿ, ಎಂಬತ್ತು ಎಂದರು. ಕಾಲೇಜಿನ ಲ್ಯಾಬಿನಲ್ಲಿ ತೂಗಿದಾಗ ಅದು ಎಂಬತ್ತೊಂದು ಬಂದಿತ್ತು. ಕಣ್ಣು ಮುಚ್ಚಿ ಎಸೆದ ಕಲ್ಲಿಗೂ ಒಮ್ಮೊಮ್ಮೆ ಕಾಯಿ ಬೀಳುತ್ತದೆ. ಮೇಷ್ಟ್ರು ಎಷ್ಟೇ ಓದಿದ್ದರೂ ಈ ಒಂದು ಕಾಯಿಗೆ ಮರುಳಾಗಿ, ಬಳಗದ ತೂಕದ ಕೆಲಸ ನಿಮ್ಮದೇ ಎಂದುಬಿಟ್ಟ. ಲ್ಯಾಬಿನ ತಕ್ಕಡಿಯನ್ನು ಕಾಲೇಜಿನಿಂದ ಹೊರಗೆ ತರುವಂತಿಲ್ಲ. ರಾಕೆಟ್ಟನ್ನು ಹಾರಿಸುವ ಜಾಗದಲ್ಲೇ, ಪ್ಯಾರಾಚೂಟು ಎಲ್ಲ ತುಂಬಿ, ಮೋಟರು ಹಾಕುವ ಮೊದಲು ತೂಗಬೇಕು. ಹಾಗಾಗಿ ಕೈತೂಕವೇ ಗತಿ ಎಂದು ಅವನ ಲೆಕ್ಕ.

ಶಂಭುಲಿಂಗಯ್ಯನವರ ಪಂಚೆಗೆ ಮತ್ತೆ ನೀಲಿ ಬಿತ್ತು, ಪೆನ್ನು ಕಿವಿಗೆ ಬಂತು. ತಾವೂ ಒಂದು ರಾಕೆಟ್ ಕಟ್ಟಿ, ಒಣಗಿದ ಹೊಂಬಾಳೆಯ ಸಿಪ್ಪೆಯಿಂದ ಅದಕ್ಕೆ ರೆಕ್ಕೆ ಮಾಡಿ, ಮೊದಲನೆಯದಾದ್ದರಿಂದ ‘ಲಾಭ’ ಎಂದು ಹೆಸರಿಟ್ಟರು. ಅದನ್ನು ಊರ ಪಕ್ಕದ ಖಾಲಿ ನಿವೇಶನದಿಂದ ಹಾರಿಸಿದ್ದೇ ತಪ್ಪಾಯಿತು. ಲಾಭ ಹೋಗಿ ಬೇರೆಯವರ ತೆಂಗಿನ ಮರದ ಸುಳಿಯಲ್ಲಿ ಕೂತಿತು. ಎರಡು ಮಳೆಗಾಲ ಕಳೆದರೂ ಇನ್ನೂ ಅಲ್ಲೇ ಇದೆ. ಅಂದಿನಿಂದ ಬಳಗದವರು ಮರದ ಸಹವಾಸವೇ ಬೇಡವೆಂದು, ಠಾಣೆಗೂ ಹೊಲದವರಿಗೂ ಹೇಳಿ, ಹುಳಿಯಾರು ದಾಟಿ ಕೆಂಕೆರೆ ಕಡೆಯ ರಾಗಿ ಕೂಳೆಯ ಬಯಲಿಗೆ ಹೋಗುತ್ತಾರೆ. ಅಲ್ಲಿ ಕುರಿ ಬಿಟ್ಟರೆ ಸಿಕ್ಕಿಕೊಳ್ಳುವುದಕ್ಕೆ ಇನ್ನೇನಿಲ್ಲ.

ಈ ಆಟದಲ್ಲಿ ತೂಕವೇ ಪ್ರಾಣ. ಮೋಟರುಗಳಲ್ಲಿ ಚಿಕ್ಕದು, ದೊಡ್ಡದು ಎಂದಿದೆ. ನೂರಿಪ್ಪತ್ತು ಗ್ರಾಮಿನವರೆಗೆ ಚಿಕ್ಕದು ಹೊರುತ್ತದೆ. ಅದಕ್ಕಿಂತ ಮೇಲಿದ್ದರೆ ದೊಡ್ಡದು ಹಾಕಬೇಕು. ತಪ್ಪಿದರೆ ರಾಕೆಟ್ಟು ಅರ್ಧ ಏರಿ, ತಲೆ ಬಗ್ಗಿಸಿ, ಪ್ಯಾರಾಚೂಟು ಬಿಚ್ಚುವ ಮೊದಲೇ ನೆಲಕ್ಕೆ ಕುಟ್ಟಿಕೊಳ್ಳುತ್ತದೆ. ಶಂಭಣ್ಣನವರ ಕೈತೂಕದ ಮೇಲೆ ಹಾರಿದ್ದರಲ್ಲಿ ಎರಡು ಹೀಗೇ ಕುಟ್ಟಿಕೊಂಡವು. ಐವತ್ತು ಕೇಜಿ ಚೀಲದಲ್ಲಿ ಅರ್ಧ ಕೇಜಿ ಆಚೀಚೆಯನ್ನು ಲೆಕ್ಕಕ್ಕೇ ಇಡದಿದ್ದ ಕೈಗೆ ಮೂವತ್ತು ನಲವತ್ತು ಗ್ರಾಂ ಎಲ್ಲಿ ಗೊತ್ತಾಗಬೇಕು? ಕೊನೆಗೆ ಸಿದ್ದಾರ್ಥ್ ಮುಖ ಸಣ್ಣ ಮಾಡಿಕೊಂಡು ಹೇಳಿದ: ಬಳಗದಿಂದ ಎಂಟುನೂರು ರೂಪಾಯಿ ಸೇರಿಸಿದ್ದೇವೆ, ಅದರೊಳಗೆ ಒಂದು ಒಳ್ಳೆಯ ಸ್ಕೇಲು ನೀವೇ ತನ್ನಿ, ತೂಕ ನೀವೇ ಮಾಡಿ. ಆದರೆ ಇನ್ನೊಂದು ಸಲ ತಪ್ಪಿದರೆ ಈ ಕೆಲಸ ಬೇರೆಯವರಿಗೆ ಕೊಡಬೇಕಾಗುತ್ತದೆ.

ಮಂಡಿಯವರು ಶಾಲು ಹೊದಿಸಿ ಹೇಳಿದ್ದನ್ನೇ ಇವನು ಶಾಲಿಲ್ಲದೆ ಹೇಳಿದ್ದ. ಅಂದು ರಾತ್ರಿ ಅವರು ಮುದ್ದೆಯನ್ನು ತೂಗದೇ ಉಂಡರೆಂದು ದೊಡ್ಡಮ್ಮ ಮೀನಾಳ ಹತ್ತಿರ ಹೇಳಿಕೊಂಡರು.

ಮೀನಾ ಮನೆಯಲ್ಲೇ ಕೇಕು ಮಾಡಿ ಮಾರುವವಳು. ಅವಳ ಅಡುಗೆಮನೆಯಲ್ಲಿ ಸ್ಕೇಲು ಇರುವುದು ಬೀದಿಗೆಲ್ಲ ಗೊತ್ತು. ಮರುದಿನವೇ ಶಂಭುಲಿಂಗಯ್ಯನವರು ಬಂದು ಅದನ್ನು ಎರವಲು ಒಯ್ದು, ಹೆಣ್ಣುಮಕ್ಕಳ ಆಟದ ಸಾಮಾನು ಎಂಬ ಅಭಿಪ್ರಾಯದೊಂದಿಗೆ ವಾಪಸು ತಂದರು. ತಟ್ಟೆಯ ಮೇಲೆ ಗೋಂದು ಒಣಗಿತ್ತು. ಬೆಣ್ಣೆ ತೂಗುವ ತಟ್ಟೆ. ಮೀನಾ ಅರ್ಧ ಗಂಟೆ ಉಗುರಿನಲ್ಲಿ ಕೆರೆದಳು. ಕೆರೆಯುತ್ತಲೇ, ಇವರಿಗೆ ಇವರದೇ ಒಂದು ಸ್ಕೇಲು ಕೊಡಿಸದಿದ್ದರೆ ತನ್ನದು ಉಳಿಯುವುದಿಲ್ಲ ಎಂಬುದು ಖಚಿತವಾಯಿತು. ಹೀಗೆ ಅವಳು ಅಂಗಡಿಗೆ ಜೊತೆಗೆ ಹೊರಟದ್ದು ಉಪಕಾರ ಬುದ್ಧಿಯಿಂದಲ್ಲ.

ಹೊರಡುವ ಮುಂಚೆ ಕರವಸ್ತ್ರದಲ್ಲಿ ಹತ್ತು ರೂಪಾಯಿಯ ಹತ್ತು ನಾಣ್ಯ ಕಟ್ಟಿಕೊಂಡಳು. ಕೃತಿಕಾಳಿಗೆ ಜ್ವರದ ಔಷಧಿ ಕುಡಿಸುವ, ಸೂಜಿಯಿಲ್ಲದ ಪುಟ್ಟ ಸಿರಿಂಜನ್ನೂ ಚೀಲಕ್ಕೆ ಹಾಕಿಕೊಂಡಳು.

ಆಂಜನಪ್ಪನ ಅಂಗಡಿಯಲ್ಲಿ ಮಿಕ್ಸಿ ರಿಪೇರಿಯಿಂದ ಹಿಡಿದು ತೂಕದ ಯಂತ್ರದವರೆಗೆ ಎಲ್ಲ ಇದೆ. ಶಂಭುಲಿಂಗಯ್ಯನವರು ಸ್ಟೂಲಿನ ಮೇಲೆ ಕೂತು ತಮ್ಮ ಮೂವತ್ತೆರಡು ವರ್ಷವನ್ನು ಮೊದಲ ವರ್ಷದಿಂದ ಶುರು ಮಾಡಿದರು. ನಡುವೆ ಅವರ ಕಣ್ಣು ಬಿದ್ದದ್ದು ಕೊಕ್ಕೆಯಿರುವ, ತೂಗುಹಾಕುವ ಸ್ಕೇಲಿನ ಮೇಲೆ. ಐವತ್ತು ಕೇಜಿ ತಡೆಯುತ್ತದೆ ಎಂದು ಆಂಜನಪ್ಪ ಹೇಳಿದ್ದೇ ಸಾಕು, ಮುಖ ಅರಳಿತು. ಅದು ಹತ್ತು ಹತ್ತು ಗ್ರಾಮಿಗೆ ಹಾರುತ್ತದೆ ಎಂಬುದನ್ನು ಮೀನಾ ಪೆಟ್ಟಿಗೆಯ ಬೆನ್ನಲ್ಲಿ ಓದಿದಳು.

“ಕೊಬ್ಬರಿ ಚೀಲ ಹಾರಿಸ್ತೀರಾ ದೊಡ್ಡಪ್ಪ?” ಎಂದಳು.

ಎರಡನೆಯದು ಅಂಗೈಯಗಲದ, ಚಿನ್ನ ತೂಗುವ ಸ್ಕೇಲು. ಗ್ರಾಮಿನ ನೂರರಲ್ಲೊಂದು ಭಾಗವನ್ನೂ ತೋರಿಸುತ್ತದೆ. ಅಕ್ಕಸಾಲಿಯ ಸಾಮಾನು ಎಂದ ಕೂಡಲೇ ಶಂಭುಲಿಂಗಯ್ಯನವರು ಟವಲಿನಿಂದ ಕೈ ಒರೆಸಿಕೊಂಡು ಮುಟ್ಟಿದರು. ಆದರೆ ತಲೆ ಮೇಲೆ ಫ್ಯಾನು ತಿರುಗುತ್ತಿದ್ದರೆ ಕೊನೆಯ ಅಂಕಿಗಳು ಕುಣಿಯುತ್ತಲೇ ಇದ್ದವು. ಇಲ್ಲೇ ಹೀಗಾದರೆ ಕೆಂಕೆರೆಯ ಗಾಳಿಗೆ ಅವು ನಿಲ್ಲುವುದುಂಟೇ? ಇನ್ನೂರು ಗ್ರಾಂ ದಾಟಿದರೆ ಬರೀ ಅಡ್ಡಗೆರೆ. ಸಿದ್ದಾರ್ಥನ ದೊಡ್ಡ ರಾಕೆಟ್ಟು ಮುನ್ನೂರರ ಮೇಲಿದೆ. ಜೊತೆಗೆ ತಂದಿದ್ದ ಮೊಳದುದ್ದದ ರಾಕೆಟ್ಟನ್ನು ಅದರ ಮೇಲಿಟ್ಟರೆ ಬಿಸ್ಕತ್ತಿನಷ್ಟು ತಟ್ಟೆ ಕಾಣದೇ ಹೋಗಿ, ರಾಕೆಟ್ಟಿನ ಬಾಲ ಗಲ್ಲಾಪೆಟ್ಟಿಗೆಗೆ ಒರಗಿತು. ಒರಗಿದ ಭಾರ ಪೆಟ್ಟಿಗೆಗೆ ಹೋಯಿತು, ತಕ್ಕಡಿಗಲ್ಲ. ಶಂಭುಲಿಂಗಯ್ಯನವರು ಅದನ್ನೂ ಒಪ್ಪಲು ತಯಾರಿದ್ದರು. ಕಡಿಮೆ ತೋರಿಸುವ ತಕ್ಕಡಿ ಅವರಿಗೆ ಹೊಸದೇನಲ್ಲವಲ್ಲ ಎಂದುಕೊಂಡಳು ಮೀನಾ.

ಅವಳ ವಿಚಾರ ನೇರವಾಗಿತ್ತು. ತೂಗುವುದರಲ್ಲಿ ಅತಿ ಭಾರದ್ದು ಎಷ್ಟು, ಎಷ್ಟು ಗ್ರಾಂ ತಪ್ಪಿದರೆ ಕೆಲಸ ಕೆಡುತ್ತದೆ, ಇವೆರಡೇ ಪ್ರಶ್ನೆ. ಉಳಿದದ್ದೆಲ್ಲ ಪೆಟ್ಟಿಗೆಯ ಮೇಲಿನ ಬಣ್ಣ. ತನ್ನ ಹಳೆಯ ಸ್ಕೇಲಿನಿಂದ ಕಲಿತದ್ದೂ ಇತ್ತು: ಒಂದೇ ನಿಮಿಷಕ್ಕೆ ತಾನೇ ಆರಿಹೋಗುವ ಸ್ಕೇಲು ಹಿಟ್ಟು ಕಲೆಸುವಷ್ಟರಲ್ಲಿ ಲೆಕ್ಕ ನುಂಗಿಬಿಡುತ್ತದೆ, ಒಂದೊಂದು ಗ್ರಾಮಿಗೆ ಮಾತ್ರ ಎಚ್ಚರಾಗುವ ಸ್ಕೇಲಿಗೆ ಚಿಟಿಕೆ ಚಿಟಿಕೆಯಾಗಿ ಏಲಕ್ಕಿ ಪುಡಿ ಹಾಕಿದರೆ ಹಾಕಿದ್ದೇ ತಿಳಿಯುವುದಿಲ್ಲ. ಹಾಗಾಗಿ ಅವಳು ಕೆಳಗಿನ ಶೆಲ್ಫಿನಿಂದ ಮೂರನೆಯದನ್ನು ತೆಗೆಸಿದಳು. ಅಡುಗೆಮನೆಯದೇ ಜಾತಿ, ಅಗಲ ತಟ್ಟೆ, ಮೂರು ಕೇಜಿ ತಡೆಯುತ್ತದೆ, ಗ್ರಾಮಿನ ಹತ್ತರಲ್ಲೊಂದು ಭಾಗ ತೋರಿಸುತ್ತದೆ, ಐದು ನಿಮಿಷ ಆರುವುದಿಲ್ಲ, ಗೋಡೆ ಗಡಿಯಾರದ ಶೆಲ್ಲು ನಡೆಯುತ್ತದೆ. ಬೆಲೆ ಆರುನೂರೈವತ್ತು.

ಒಂದು ನಾಣ್ಯವನ್ನು ತಟ್ಟೆಯ ನಾಲ್ಕು ಮೂಲೆಗೂ ನಡುವಿಗೂ ಇಟ್ಟು ನೋಡಿದಳು. ಎಲ್ಲ ಕಡೆ ಏಳೂಮುಕ್ಕಾಲಿನ ಆಸುಪಾಸು, ಆ ನಾಣ್ಯದ ಸರಿಯಾದ ತೂಕ ಅಷ್ಟೇ. ಹತ್ತನ್ನೂ ಇಟ್ಟರೆ ಎಪ್ಪತ್ತೇಳು. ಲೋಟವಿಟ್ಟು, ಸೊನ್ನೆ ಮಾಡಿ, ಸಿರಿಂಜಿನಿಂದ ಐದು ಎಂಎಲ್ ನೀರು ಬಿಟ್ಟರೆ ಐದು. ಅಮ್ಮಾವ್ರು ಇನ್‌ಸ್ಪೆಕ್ಟರ್ ತರ ಬಂದವ್ರೆ ಎಂದು ಆಂಜನಪ್ಪ ನಕ್ಕ.

ಲೋಟದ ಭಾರವನ್ನು ಯಂತ್ರವೇ ಕಳೆದುಕೊಳ್ಳುತ್ತದೆ, ಅದಕ್ಕೇ ಈ ಗುಂಡಿ, ಖಾಲಿ ಪಾತ್ರೆ ಇಟ್ಟು ಆನ್ ಮಾಡಿದರೂ ಸೊನ್ನೆಯಿಂದಲೇ ಶುರು ಎಂದು ಮೀನಾ ಎರಡು ಸಲ ಬಿಡಿಸಿ ಹೇಳಿದಳು. ಶಂಭುಲಿಂಗಯ್ಯನವರು ಆ ಹೊತ್ತಿಗೆ ತಮ್ಮ ಹತ್ತೊಂಬತ್ತನೆಯ ವರ್ಷದಲ್ಲಿದ್ದರು. ಹ್ಞೂಂ ಹ್ಞೂಂ ಎಂದು ಕೈಯಾಡಿಸಿ ಆಂಜನಪ್ಪನ ಕಡೆಗೇ ತಿರುಗಿದರು. ದಾರಿಯಲ್ಲಿ ಬರುವಾಗ, ಚಿನ್ನದ್ದು ಬಿಟ್ಟು ಕೇಕಿನದ್ದು ತಂದ ಹಾಗಾಯ್ತು ಎಂದು ಗೊಣಗಿದರು. ಬಯಲಿನ ಗಾಳಿಗೆ ಅಡ್ಡ ಇಟ್ಟುಕೊಳ್ಳಿ ಎಂದು ಮೀನಾ ಒಂದು ಖಾಲಿ ಕೇಕಿನ ಡಬ್ಬಿಯನ್ನೂ ಕೊಟ್ಟಳು. ಅದಕ್ಕೊಂದು ಒಳ್ಳೆಯ ಮಾತೂ ಬರಲಿಲ್ಲ.

ಭಾನುವಾರ ಕೆಂಕೆರೆಯಲ್ಲಿ ನಡೆದದ್ದನ್ನು ಅವಳಿಗೆ ಹೇಳಿದವನು ಸಿದ್ದಾರ್ಥ್. ಶಂಭಣ್ಣನವರು ಬಹಳ ಶಿಸ್ತಿನಿಂದ ಕೂತಿದ್ದರಂತೆ. ರಾಕೆಟ್ಟು ಉರುಳಬಾರದೆಂದು ಒಂದು ಸಣ್ಣ ಕಾಯಿಯ ಅರ್ಧ ಕರಟದ ತಳ ಉಜ್ಜಿ ಚಪ್ಪಟೆ ಮಾಡಿ, ಅಂಚಿಗೆ ಎರಡು ಕಡೆ ಕಚ್ಚು ಹಾಕಿ, ಅದರ ಮೇಲೆ ರಾಕೆಟ್ಟನ್ನು ಅಡ್ಡ ಮಲಗಿಸಿ ತೂಗಿದರು. ನೂರಾ ಹದಿನೆಂಟು ಎಂದು ಕೂಗಿದರು. ಸಿದ್ದಾರ್ಥ್ ಚಿಕ್ಕ ಮೋಟರು ಹಾಕಿದ. ರಾಕೆಟ್ಟು ಒಂದು ತೆಂಗಿನ ಮರದಷ್ಟು ಏರಿ, ಯೋಚನೆ ಮಾಡಿ, ಕುರಿ ಹಿಂಡಿನ ಕಡೆಗೆ ಮೂತಿ ತಿರುಗಿಸಿತು. ಕುರಿಗಳು ದಿಕ್ಕಾಪಾಲು. ಕುರಿ ಕಾಯುತ್ತಿದ್ದ ದುರ್ಗಯ್ಯ ಎಂಬಾತ ಕೋಲು ಎತ್ತಿಕೊಂಡು ಬಂದು, ಯಾವನ್ಲಾ ಇದ ಬುಟ್ಟೋನು ಎಂದು ಕೇಳಿದ. ಯಾರಿಗೂ ಏನೂ ಆಗಲಿಲ್ಲ, ಒಂದು ಕುರಿಗೂ. ರಾಕೆಟ್ಟಿನ ಮೂತಿ ಮಾತ್ರ ಜಜ್ಜಿಹೋಯಿತು.

ಇನ್ನು ಇವರನ್ನು ಇಟ್ಟುಕೊಳ್ಳುವುದು ಹೇಗೆ ಮೇಡಂ ಎಂದು ಸಿದ್ದಾರ್ಥ್ ಪೆಚ್ಚಾಗಿ ಕೇಳಿದ. ಸ್ಕೇಲು ಕೆಟ್ಟಿದೆಯಾ ನೋಡಿ ಎಂದು ಅವರ ಕೈಗೇ ಕೊಟ್ಟು ಕಳಿಸಿದ್ದನಂತೆ. ಸ್ಕೇಲು ಸರಿಯಿದೆ ಎಂದಾದರೆ ಮುಂದಿನ ಭಾನುವಾರದಿಂದ ಬೇರೆ ಏರ್ಪಾಟು.

ಸೋಮವಾರ ಬೆಳಿಗ್ಗೆ ಶಂಭುಲಿಂಗಯ್ಯನವರು ಸ್ಕೇಲನ್ನು ಟವಲಿನಲ್ಲಿ ಸುತ್ತಿ, ಕರಟವನ್ನೂ ಹಿಡಿದುಕೊಂಡು, ಸತ್ತ ಹಾವು ತಂದವರ ಹಾಗೆ ಅಡುಗೆಮನೆ ಬಾಗಿಲಿಗೆ ಬಂದರು.

“ತಗ ನಿನ್ ಕೇಕಿನ ಮಿಷನ್ನು. ಮಾನ ಕಳೀತು ನಂದು. ಮೂವತ್ತೆರಡು ವರ್ಷದಾಗೆ ಯಾರೂ ನನ್ ಕಡೆ ಕೋಲೆತ್ತಿರ್ಲಿಲ್ಲ.”

ಮೀನಾ ಕೈ ತೊಳೆದುಕೊಂಡು, ಸ್ಕೇಲನ್ನು ಕಟ್ಟೆಯ ಮೇಲಿಟ್ಟು, ಹತ್ತು ನಾಣ್ಯ ಎಣಿಸಿ ಇಟ್ಟಳು. ಎಪ್ಪತ್ತೇಳು. ಸಿರಿಂಜು ತೆಗೆದು ಐದು ಎಂಎಲ್ ನೀರು ಬಿಟ್ಟಳು. ಐದು. ಯಂತ್ರಕ್ಕೆ ಜ್ವರವಿಲ್ಲ. ಹಾಗಾದರೆ ತಪ್ಪು ಯಾರದು ಎಂದು ಅವರಿಬ್ಬರಿಗೂ ಒಟ್ಟಿಗೇ ಗೊತ್ತಾದಂತೆ ಶಂಭುಲಿಂಗಯ್ಯನವರ ದನಿ ಇನ್ನಷ್ಟು ಏರಿತು. ಅಂಗಡಿಯವನು ಮೋಸಗಾರ, ಬಯಲಿನ ಗಾಳಿ ಸರಿಯಿಲ್ಲ, ಚೈನಾ ಮಾಲು, ಮೇಷ್ಟ್ರಿಗೆ ಅನುಭವ ಸಾಲದು. ಅವಳು ಎಲ್ಲ ಮುಗಿಯಲಿ ಎಂದು ಕಾದಳು. ಆಮೇಲೆ ಪೊಟ್ಟಣ ಬಿಚ್ಚಿರದ ನೂರು ಗ್ರಾಂ ಬೆಣ್ಣೆಯನ್ನು ಅವರ ಮುಂದಿಟ್ಟು, ಭಾನುವಾರ ಹೇಗೆ ತೂಗಿದಿರೋ ಹಾಗೇ ಇದನ್ನು ತೂಗಿ ಎಂದಳು.

ಅವರು ಗಂಭೀರವಾಗಿ ಕೂತರು. ಮೊದಲು ಕರಟವನ್ನು ತಟ್ಟೆಯ ಮೇಲಿಟ್ಟು, ಎರಡು ಬೆರಳಿನಿಂದ ಮುಟ್ಟಿ ಕಣ್ಣಿಗೊತ್ತಿಕೊಂಡು, ಯಂತ್ರದ ಗುಂಡಿ ಒತ್ತಿದರು. ಸೊನ್ನೆ ಬಂತು. ಬೆಣ್ಣೆ ಇಟ್ಟರು. ನೂರಾ ಎರಡು ಬಂತು. ಎರಡು ಗ್ರಾಂ ಕಾಗದದ್ದು. ಶಂಭುಲಿಂಗಯ್ಯನವರು ಅದನ್ನು ನೋಡಿ, ಮಂಡಿಯ ಹಳೆಯ ದನಿಯಲ್ಲಿ ರಾಗವಾಗಿ ಕೂಗಿದರು.

“ಅರವತ್ತೆರಡು.”

ಬೆಣ್ಣೆಯ ಪೊಟ್ಟಣದ ಮೇಲೆ ನೂರು ಎಂದು ದೊಡ್ಡದಾಗಿ ಅಚ್ಚಾಗಿತ್ತು. ಮೀನಾ ಒಂದು ಕ್ಷಣ ಅವರನ್ನೂ ಪೊಟ್ಟಣವನ್ನೂ ನೋಡಿದಳು.

“ಇನ್ನು ನಲವತ್ತು ಎಲ್ಲೋಯ್ತು ದೊಡ್ಡಪ್ಪ?”

“ಕರಟದ್ದು ಕಳ್ದೆ ಕಣವ್ವ. ಕರಟ ನಲವತ್ತು ಬತ್ತದೆ, ಕೈಯಾಗೇ ನೋಡಿದೀನಿ.”

“ಕರಟನ ಮಿಷನ್ನು ಆಗ್ಲೇ ಕಳ್ದೈತೆ. ಅದಕ್ಕೇ ಸೊನ್ನೆ ಬಂದಿದ್ದು. ನೀವು ಇನ್ನೊಂದ್ಸಲ ಕಳ್ದ್ರಿ.”

ಅವರು ಸೊನ್ನೆ ಬಂದದ್ದನ್ನು ನೋಡಿದ್ದರು. ನೋಡಿಯೂ ಕಳೆದಿದ್ದರು. ರಾಕೆಟ್ಟಿನ ನೂರೈವತ್ತೆಂಟು ಕಣ್ಣಿಗೆ ಕಂಡದ್ದೂ ನಿಜ, ಬಾಯಿ ನೂರಾ ಹದಿನೆಂಟು ಎಂದದ್ದೂ ನಿಜ. ಕಂಡ ಅಂಕಿಗೂ ಕೂಗುವ ಅಂಕಿಗೂ ನಡುವೆ ಏನಾದರೂ ಒಂದು ಕಳೆಯದಿದ್ದರೆ ಆ ಬಾಯಿಗೆ ತೂಕ ಮಾಡಿದಂತೆಯೇ ಆಗುವುದಿಲ್ಲ.

ಮೀನಾ ಅದನ್ನು ಅಲ್ಲಿಗೇ ಬಿಡಬಹುದಿತ್ತು. ಓವನ್ನಿನಲ್ಲಿ ಕೇಕು ಬೇರೆ ಇತ್ತು. ಆದರೆ ಗೋಂದು ಕೆರೆದ ಉಗುರು, ಆಸ್ಪತ್ರೆಯ ಚೀಟಿ, ಅಪ್ಪನ ಬೆನ್ನು ತಟ್ಟಿದ ಕೈ ಎಲ್ಲ ಒಟ್ಟಿಗೆ ನೆನಪಾಯಿತು.

“ನಮ್ಮಪ್ಪನ ಚೀಲದಾಗೆ ಒಂದೊಂದು ಕೇಜಿ ಕಳೀತಿದ್ರಲ್ಲ, ಖಾಲಿ ಚೀಲ ಒಂದು ಕೇಜಿ ಇರ್ತಿತ್ತಾ?”

“ಅದು ಮಂಡಿ ಪದ್ಧತಿ ಕಣವ್ವ. ನಾನು ಬರೋಕ್ಮುಂಚಿಂದ್ಲೂ ಹಂಗೇಯ.”

“ಪದ್ಧತಿ ಬುಡಿ. ತೂಗಿದ್ರಾ?”

ಹಿತ್ತಲ ಬಾಗಿಲಲ್ಲಿ ಕಾಲೊರೆಸಲು ಹಾಕಿದ್ದ ಗೋಣಿಚೀಲ ಅಪ್ಪನದೇ, ದಬ್ಬೇಘಟ್ಟದಿಂದ ಕಾಯಿ ತುಂಬಿಕೊಂಡು ಬಂದದ್ದು. ಅದರ ಜೋಡಿ, ಕೊಬ್ಬರಿ ತುಂಬುವಂಥದ್ದೇ, ಇನ್ನೊಂದು ಚೊಕ್ಕಟವಾದದ್ದು ಅಟ್ಟದ ಮೇಲೆ ಮಡಚಿತ್ತು. ಮೀನಾ ಅದನ್ನು ಇಳಿಸಿ ಕೊಡವಿ ಕೊಟ್ಟಳು. ಶಂಭುಲಿಂಗಯ್ಯನವರು ಅಭ್ಯಾಸದಂತೆ ಮೊದಲು ಅಂಗೈ ಮೇಲಿಟ್ಟುಕೊಂಡರು. ಒಂದು ಕೇಜಿ ಎನ್ನಲು ಬಾಯಿ ತೆರೆದು, ಹಾಗೇ ಮುಚ್ಚಿದರು. ಮಡಚಿ ಮಡಚಿ ಚಿಕ್ಕದು ಮಾಡಿ ತಟ್ಟೆಯ ಮೇಲಿಟ್ಟರು. ಕೈ ತೆಗೆದರು.

ಆರುನೂರ ಇಪ್ಪತ್ತು.

ಚೀಲ ಎತ್ತಿ, ತಿರುಗಿಸಿ, ಮತ್ತೆ ಇಟ್ಟರು. ಆರುನೂರ ಇಪ್ಪತ್ತೇ. ತುಂಬಿದ ಚೀಲ ಲಕ್ಷಗಟ್ಟಲೆ ತೂಗಿದ ಮನುಷ್ಯ ಖಾಲಿ ಚೀಲವನ್ನು ಒಂದೇ ಒಂದು ಸಲವೂ ತೂಗಿರಲಿಲ್ಲ. ಮಾಲೀಕನೂ ಹೇಳಿರಲಿಲ್ಲ, ಗುಮಾಸ್ತನೂ ಕೇಳಿರಲಿಲ್ಲ, ಇವರಿಗೂ ಹೊಳೆದಿರಲಿಲ್ಲ. ಚೀಲಕ್ಕೆ ಮುನ್ನೂರ ಎಂಬತ್ತು ಗ್ರಾಂ ಕೊಬ್ಬರಿ ಯಾರ ಲಾಭಕ್ಕೋ ಹೋಯಿತು. ಇವರ ಪಾಲಿಗೆ ಬಂದದ್ದು ಒಂದು ಗೋಡೆ ಗಡಿಯಾರ.

ಬೈಯಲು ಇದಕ್ಕಿಂತ ಒಳ್ಳೆಯ ಸಮಯ ಸಿಗಲಾರದು ಎಂದು ಮೀನಾಳಿಗೆ ಗೊತ್ತಿತ್ತು. ಮಾತು ನಾಲಿಗೆಯ ತುದಿಗೂ ಬಂದಿತ್ತು. ಆದರೆ ಆ ದೊಡ್ಡ ಕೈಗಳು ಚೀಲದ ಅಂಚನ್ನು ಸುಮ್ಮನೆ ನೇವರಿಸುತ್ತಿದ್ದವು, ಕೂಸಿನ ಬಟ್ಟೆ ಮಡಚುವವರ ಹಾಗೆ. ಅವಳು ಒಂದು ಲೋಟ ಕಾಫಿ ತಂದು ಮುಂದಿಟ್ಟಳು. ಅವರು ಅದನ್ನು ಎತ್ತಿ ತೂಗಿ ನೋಡಲಿಲ್ಲ.

ಮಧ್ಯಾಹ್ನ ಅವರೇ ಮಹಡಿ ಹತ್ತಿ ಸಿದ್ದಾರ್ಥನಿಗೆ, ಯಂತ್ರ ಸರಿಯಾಗಿದೆ, ತಪ್ಪು ನನ್ನ ಬಾಯಿಯದು ಎಂದು ಹೇಳಿದರಂತೆ. ಬೇರೆ ಏರ್ಪಾಟು ಮಾಡ್ಕಳಿ ಮೇಷ್ಟ್ರೇ ಎಂದೂ ಸೇರಿಸಿದರಂತೆ. ತಪ್ಪನ್ನು ಇಷ್ಟು ಕರಾರುವಾಕ್ಕಾಗಿ, ಗ್ರಾಂ ಸಮೇತ ಒಪ್ಪಿಕೊಂಡವರನ್ನು ಕಳಿಸಲು ಅವನಿಗೆ ಮನಸ್ಸಾಗಲಿಲ್ಲ. ಒಂದು ಷರತ್ತು ಹಾಕಿದ: ನೀವು ಕೂಗುವ ಅಂಕಿಯನ್ನು ಪಕ್ಕದಲ್ಲಿ ಇನ್ನೊಬ್ಬರು ಕಣ್ಣಾರೆ ನೋಡಿ ಬರೆದುಕೊಳ್ಳಬೇಕು. ಆ ಇನ್ನೊಬ್ಬರನ್ನು ನೀವೇ ಗೊತ್ತುಮಾಡಿ.

ಸಂಜೆ ಅವರು ಮತ್ತೆ ಬಂದಾಗ ಮೀನಾ ಕೇಕಿಗೆ ಕೆನೆ ಹಚ್ಚುತ್ತಿದ್ದಳು. ಕೃತಿಕಾ ಬಾಗಿಲಲ್ಲೇ ಅಡ್ಡಗಟ್ಟಿ, ನನ್ನ ಎತ್ತಿ ನೋಡಿ ತಾತ ಎಂದು ಕೈ ಚಾಚಿದಳು. ಅವರು ಎತ್ತಿಕೊಂಡರು, ಕುಲುಕಲಿಲ್ಲ. ಎಷ್ಟು ಎಂದು ಅವಳು ಎರಡು ಸಲ ಕೇಳಿದ ಮೇಲೆ, ನಿಮ್ಮ ಸ್ಕೂಲ್ನೋರು ಎಷ್ಟಂದವ್ರೆ ಎಂದು ಕೇಳಿ, ಅಷ್ಟೇ ಇರಬೇಕು ಕಣೇ ಎಂದು ಇಳಿಸಿದರು. ಮಗು ನಿರಾಶೆಯಿಂದ ಅಮ್ಮನ ಮುಖ ನೋಡಿತು.

ಆಮೇಲೆ ಅವರು ಷರತ್ತಿನ ವಿಷಯ ಹೇಳಿದರು. ಹೇಳುವಾಗ ಕಿವಿಯ ಪೆನ್ನು ತೆಗೆದು ಕೈಯಲ್ಲಿ ಹಿಡಿದಿದ್ದರು. ಭಾನುವಾರವೇ ತನಗೆ ಆರ್ಡರು ಜಾಸ್ತಿ, ಕೆಂಕೆರೆಗೆ ಹೋಗಿಬಂದರೆ ಅರ್ಧ ದಿನ ಹಾಳು ಎಂದು ಮೀನಾ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಬಾಯಲ್ಲಿ, ನಿಮಗೆ ಬೇರೆ ಯಾರೂ ಸಿಗಲಿಲ್ಲವಾ, ಹೆಣ್ಣುಮಕ್ಕಳ ಆಟದ ಸಾಮಾನು ನೋಡೋಕೆ ಹೆಣ್ಣುಮಕ್ಕಳೇ ಬೇಕಾ ಎಂದು ಕೇಳಿದಳು. ಶಂಭುಲಿಂಗಯ್ಯನವರು ಅದಕ್ಕೆ ತಲೆ ತಗ್ಗಿಸಿದರು. ಪೆನ್ನನ್ನು ಕೇಕಿನ ಪಕ್ಕದಲ್ಲಿಟ್ಟು ಅವಳ ಕಡೆಗೆ ತಳ್ಳಿದರು.

“ಬಾರವ್ವ ಒಂದೇ ಒಂದು ಭಾನುವಾರ. ನನ್ ಬಾಯಿ ಕಳೆಯಾಕೆ ಹೋದ್ರೆ ನೀನು ಬರ್ಕಬೇಡ, ಕಂಡಿದ್ನೇ ಬರ್ಕ. ಬರುವಾಗ ನಿಮ್ಮಪ್ಪನ ಆ ಖಾಲಿ ಚೀಲನೂ ತಗಂಡ್ ಬಾ. ರಾಕೆಟ್ಟು ಆಮೇಲೆ ತೂಗಾನ. ಮೊದಲು ಎಲ್ಲರ ಮುಂದೆ ಅದನ್ನ ತೂಗಿ ಕೂಗಬೇಕು ನಾನು.”